ಮುಖ ಬರೆಯುವವರಿಗೂ ಒಂದು ಘರಾಣೆ ಬೇಕು

ಹುಬ್ಬಳ್ಳಿ-ಧಾರವಾಡದಲ್ಲಿ ಸಂಗೀತ ಕಲಿಯುವ ಹುಡುಗಿ ಗುರುಗಳು ಹೇಳಿಕೊಟ್ಟ ಒಂದೇ ತಾನವನ್ನು ವಾರಗಟ್ಟಲೆ ಹಾಡುತ್ತ ಕೂತರೆ ಯಾರೂ ಮೂಗು ಮುರಿಯುವುದಿಲ್ಲ. ಅದನ್ನು ರಿಯಾಜ್ ಎನ್ನುತ್ತಾರೆ, ತಾಲೀಮು ಎನ್ನುತ್ತಾರೆ, ಮನೆಯ ಹಿರಿಯರು ಅಭಿಮಾನದಿಂದ ಕೇಳಿಸಿಕೊಳ್ಳುತ್ತಾರೆ. ಅದೇ ಮನೆಯ ಹುಡುಗ ಹಳೆಯ ಕಲಾವಿದನೊಬ್ಬ ಚಾಕ್‌ನಲ್ಲಿ ಬರೆದ ಮುಖವನ್ನು ಮುಂದಿಟ್ಟುಕೊಂಡು ಗೆರೆಗೆ ಗೆರೆ ಕೂಡಿಸುತ್ತ ಕೂತರೆ ಮಾತ್ರ ‘ಕಾಪಿ ಹೊಡ್ಯಾಕತ್ತಾನ, ಸ್ವಂತದ್ದೇನೂ ಇಲ್ಲ’ ಎಂಬ ಮಾತು ಬರುತ್ತದೆ. ಒಂದೇ ಊರಿನಲ್ಲಿ ಎರಡು ಕಲೆಗೆ ಎರಡು ನ್ಯಾಯ. ಇದರಿಂದ ಇಲ್ಲಿ ಚಿತ್ರ ಕಲಿಯುವ ಮಕ್ಕಳಿಗೆ ದೊಡ್ಡ ನಷ್ಟವಾಗುತ್ತಿದೆ.

ಸಂಗೀತದವರು ಏನು ಮಾಡಿದರು ಎಂಬುದನ್ನು ಒಮ್ಮೆ ನೆನೆಯಬೇಕು. ಸವಾಯಿ ಗಂಧರ್ವ ಎಂದು ಹೆಸರಾದ ಕುಂದಗೋಳದ ರಾಮಭಾವು (1886–1952) ಅವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗುತ್ತಿದ್ದರು. ಭೀಮಸೇನ ಜೋಶಿ ಅದೇ ಗುರುಗಳ ಮನೆಯಲ್ಲಿದ್ದು ಕಲಿತರು. ಗುರು ಹಾಡಿದ್ದನ್ನು ಹಾಗೆಯೇ ಗಂಟಲಿಗೆ ತಂದುಕೊಳ್ಳುವುದೇ ಆ ಪಾಠ. ಆದರೂ ಗಂಗೂಬಾಯಿಯವರ ದನಿಯನ್ನು ಭೀಮಸೇನರ ದನಿ ಎಂದು ಯಾರಾದರೂ ತಪ್ಪು ತಿಳಿದದ್ದುಂಟೇ? ಒಂದೇ ಗುರುವಿನ ಕಂಠವನ್ನು ಅನುಸರಿಸಿದ ಇಬ್ಬರು ಎರಡು ಬೇರೆ ದಿಕ್ಕಿಗೆ ಹೋದರು.

ಇನ್ನೂ ತೀಕ್ಷ್ಣವಾದ ಉದಾಹರಣೆ ಕುಮಾರ ಗಂಧರ್ವರದು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಬಾಲಕ ಆ ಕಾಲದ ಹೆಸರಾಂತ ಗಾಯಕರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಪಡಿಯಚ್ಚಿನಂತೆ ಹಾಡಿ ಸಭೆಗಳನ್ನು ಬೆರಗಾಗಿಸುತ್ತಿದ್ದ. ಆಮೇಲೆ ಮುಂಬೈಯಲ್ಲಿ ಬಿ.ಆರ್. ದೇವಧರರ ಬಳಿ ಶಿಸ್ತಿನ ಕಲಿಕೆಯಾಯಿತು. ಮುಂದೆ ಅದೇ ಕುಮಾರ ಗಂಧರ್ವರು ಘರಾಣೆಗಳ, ಅಂದರೆ ಗುರುಪರಂಪರೆಗಳ, ಬೇಲಿ ದಾಟಿ, ಮಾಳವದ ಜಾನಪದವನ್ನೂ ನಿರ್ಗುಣ ಭಜನೆಯನ್ನೂ ತಮ್ಮದೇ ರೀತಿಯಲ್ಲಿ ಹಾಡಿದರು. ಹಿಂದುಸ್ತಾನಿ ಸಂಗೀತದ ಅತ್ಯಂತ ಸ್ವತಂತ್ರ ದನಿಗಳಲ್ಲಿ ಒಂದು ಹುಟ್ಟಿದ್ದು ಪರಿಪೂರ್ಣ ಅನುಕರಣೆಯ ಬಾಲ್ಯದಿಂದ. ಈ ಸಂಗತಿ ಗೊತ್ತಿರುವ ನಾಡಿನಲ್ಲಿ ಚಿತ್ರದ ನಕಲನ್ನು ಕೀಳಾಗಿ ಕಾಣುವುದಕ್ಕೆ ಕಾರಣವೇ ಇಲ್ಲ.

ಈಗ ಇಲ್ಲಿ ಭಾವಚಿತ್ರ ಕಲಿಯುವವರು ಮಾಡುತ್ತಿರುವುದೇನು? ನಕಲನ್ನೇ. ಆದರೆ ಕಲಾವಿದನ ಚಿತ್ರದ್ದಲ್ಲ, ಮೊಬೈಲ್ ಫೋಟೊದ್ದು. ಫೋಟೊದ ಮೇಲೆ ಚೌಕಳಿ ಹಾಕುತ್ತಾರೆ, ಡ್ರಾಯಿಂಗ್ ಶೀಟಿನ ಮೇಲೆ ಅದರ ದುಪ್ಪಟ್ಟು ಅಳತೆಯ ಚೌಕಳಿ ಹಾಕುತ್ತಾರೆ, ಒಂದೊಂದು ಚೌಕದಲ್ಲಿದ್ದ ಕಪ್ಪು-ಬಿಳುಪನ್ನು ಇಲ್ಲಿಂದ ಅಲ್ಲಿಗೆ ಸಾಗಿಸುತ್ತಾರೆ. ನಟರ ಮುಖ, ಮಠದ ಸ್ವಾಮೀಜಿಗಳ ಮುಖ, ತೀರಿಹೋದ ಅಜ್ಜನ ಮುಖ, ಎಲ್ಲವೂ ಹೀಗೆಯೇ ತಯಾರಾಗುತ್ತವೆ. ಬೇಸಿಗೆ ಶಿಬಿರಗಳಲ್ಲಿಯೂ ಇದೇ ಪಾಠ. ಚೌಕಳಿ ತಂತ್ರವನ್ನು ಹೀಗಳೆಯಬೇಕಿಲ್ಲ. ಸಿನಿಮಾ ಕಟೌಟ್ ಬರೆದ ಪೇಂಟರುಗಳು ಒಂದು ಅಂಗೈ ಅಗಲದ ಸ್ಟಿಲ್ ಫೋಟೊದಿಂದ ಮೂರು ಮಹಡಿ ಎತ್ತರದ ಮುಖ ಎಬ್ಬಿಸಿದ್ದು ಇದೇ ತಂತ್ರದಿಂದ, ಫ್ಲೆಕ್ಸ್ ಬಂದು ಅವರ ಹೊಟ್ಟೆಯ ಮೇಲೆ ಹೊಡೆಯುವವರೆಗೂ. ಆದರೆ ಅವರಿಗೆ ಮುಖ ಬರೆಯುವುದು ಮೊದಲೇ ಗೊತ್ತಿತ್ತು, ಚೌಕಳಿ ಅಳತೆಗಷ್ಟೇ ಬೇಕಿತ್ತು. ಇಂದಿನ ವಿದ್ಯಾರ್ಥಿಗೆ ಅದೇ ಇಡೀ ವಿದ್ಯೆಯಾಗಿದೆ.

ಅದರ ಪರಿಣಾಮ ಮುಖದಲ್ಲಿ ಕಾಣುತ್ತದೆ. ಚೌಕದೊಳಗಿನ ಕಣ್ಣು ಸರಿಯಾಗಿರುತ್ತದೆ, ಮೂಗೂ ಸರಿಯಾಗಿರುತ್ತದೆ, ಆದರೆ ಮುಖ ತಲೆಬುರುಡೆಯ ಮೇಲೆ ಕೂತಿರುವುದಿಲ್ಲ. ಫೋಟೊದಲ್ಲಿ ಬೆಳಕು ಎಲ್ಲಿ ಬಿದ್ದಿತ್ತೋ ಅಲ್ಲಿ ಬಿಳಿ, ಇಲ್ಲದಲ್ಲಿ ಕಪ್ಪು. ಕೆನ್ನೆಯ ಮೂಳೆ ಎಲ್ಲಿ ತಿರುಗುತ್ತದೆ, ಕಣ್ಣಗುಡ್ಡೆಯ ಮೇಲೆ ರೆಪ್ಪೆ ಹೇಗೆ ಬಳಸಿಕೊಂಡಿದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಸೆಲ್ಫಿಯಾದರೆ ಇನ್ನೂ ಕಷ್ಟ. ಮೊಳದಷ್ಟು ದೂರದಿಂದ ತೆಗೆದ ಫೋಟೊದಲ್ಲಿ ಮೂಗು ಇದ್ದುದಕ್ಕಿಂತ ದೊಡ್ಡದಾಗಿ, ಕಿವಿಗಳು ಹಿಂದೆ ಸರಿದು ಕಾಣುತ್ತವೆ. ವಿದ್ಯಾರ್ಥಿ ಆ ತಪ್ಪನ್ನೂ ನಿಷ್ಠೆಯಿಂದ ಬರೆಯುತ್ತಾನೆ. ಫೋಟೊವನ್ನು ಕ್ಷಣಮಾತ್ರದಲ್ಲಿ ಪೆನ್ಸಿಲ್ ಚಿತ್ರವಾಗಿಸುವ ಆ್ಯಪ್‌ಗಳು ಕೈಗೆ ಬಂದಿರುವಾಗ, ಅದೇ ಕೆಲಸವನ್ನು ನಾಲ್ಕು ದಿನ ಕೂತು ಮಾಡುವ ಹುಡುಗನಿಗೆ ಸಿಗುವುದು ಬೆನ್ನುನೋವು ಮಾತ್ರ.

ದೊಡ್ಡ ಕಲಾವಿದನ ರೇಖಾಚಿತ್ರವನ್ನು ನೋಡಿ ಬರೆಯುವುದು ಬೇರೆಯೇ ವಿದ್ಯೆ. ಅಲ್ಲಿ ಮುಖವೊಂದೇ ಇರುವುದಿಲ್ಲ, ಆ ಮುಖವನ್ನು ನೋಡಿದ ಒಬ್ಬ ಮನುಷ್ಯ ಕೈಗೊಂಡ ನೂರಾರು ತೀರ್ಮಾನಗಳಿರುತ್ತವೆ. ಯಾವ ಗೆರೆ ಒತ್ತಿ ಎಳೆದ, ಯಾವುದನ್ನು ಮುಟ್ಟಿದಂತೆ ಮಾಡಿ ಬಿಟ್ಟ, ಯಾವುದನ್ನು ಬರೆಯಲೇ ಇಲ್ಲ. ಕ್ಯಾಮೆರಾ ಏನನ್ನೂ ಬಿಡುವುದಿಲ್ಲ. ಬಿಡುವುದನ್ನು ಕಲಿಯಬೇಕಾದರೆ ಬಿಟ್ಟವನ ಹತ್ತಿರವೇ ಹೋಗಬೇಕು.

ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ಜರ್ಮನಿಯಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಕೆಲಸ ಮಾಡಿದ ಹಾನ್ಸ್ ಹೋಲ್ಬೈನ್ ಸುಮಾರು 1525–26ರಲ್ಲಿ ಆ ನಗರದ ಮಾಜಿ ಮೇಯರ್ ಯಾಕೋಬ್ ಮೈಯರ್‌ನ ಮಗಳು ಆನಾಳ ಚಿತ್ರವನ್ನು ಕಪ್ಪು ಮತ್ತು ಬಣ್ಣದ ಚಾಕ್‌ಗಳಲ್ಲಿ ಬರೆದ. ಈಗ ಅದು ಬಾಸೆಲ್‌ನ ಕಲಾ ಸಂಗ್ರಹಾಲಯದಲ್ಲಿದೆ. ಬದಿಗೆ ತಿರುಗಿದ ಮುಖ, ಬೆನ್ನ ಮೇಲೆ ಇಳಿಬಿಟ್ಟ ಉದ್ದ ಕೂದಲು. ಮೇಯರನ ಮನೆತನ ಮೇರಿಮಾತೆಯ ಮುಂದೆ ಮೊಣಕಾಲೂರಿದ ದೊಡ್ಡ ವರ್ಣಚಿತ್ರಕ್ಕೆ ಅದು ಪೂರ್ವಸಿದ್ಧತೆ. ವರ್ಣಚಿತ್ರದಲ್ಲಿ ಅದೇ ಹುಡುಗಿಯ ಕೂದಲು ಎತ್ತಿ ಕಟ್ಟಿ, ಮೇಲೆ ಶಿರೋಭೂಷಣ ಬಂದಿದೆ. ಚಾಕ್‌ನ ಚಿತ್ರದಲ್ಲಿ ಮಾತ್ರ ಅವಳು ಅಲಂಕಾರಕ್ಕೆ ಮುಂಚಿನ ಹುಡುಗಿ.

ಈ ಹಾಳೆಯ ಮುಂದಿನ ಪ್ರಯಾಣ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಪ್ಯಾರಿಸ್‌ನಲ್ಲಿ ಶಾರ್ಲ್ ಬಾರ್ಗ್ ಎಂಬಾತ ಚಿತ್ರಕಾರ ಜೆರೋಮ್ ಜೊತೆ ಸೇರಿ 1860ರ ದಶಕದ ಕೊನೆಯಿಂದ ರೇಖಾಚಿತ್ರದ ಪಾಠಮಾಲೆಯೊಂದನ್ನು ಹೊರತಂದ. ಕಲ್ಲಚ್ಚಿನಲ್ಲಿ ಮುದ್ರಿಸಿದ ಸುಮಾರು 200 ಹಾಳೆಗಳು. ಮೊದಲು ಕಣ್ಣು, ಕಿವಿ, ಕಾಲಿನ ಪ್ಲಾಸ್ಟರ್ ಅಚ್ಚುಗಳು, ಆಮೇಲೆ ಹಳೆಯ ಗುರುಗಳ ರೇಖಾಚಿತ್ರಗಳು. ಆ ಎರಡನೆಯ ಭಾಗದಲ್ಲಿ ಹೋಲ್ಬೈನ್‌ನ ಹಲವು ಮುಖಗಳಿದ್ದವು, ಮೈಯರನ ಮಗಳೂ ಇದ್ದಳು. 1880ರಲ್ಲಿ, ಧರ್ಮಪ್ರಚಾರಕನ ಕೆಲಸ ಕೈಬಿಟ್ಟುಹೋದ ಮೇಲೆ, ಬೆಲ್ಜಿಯಂನ ಕಲ್ಲಿದ್ದಲು ಗಣಿಗಳ ಊರಿನಲ್ಲಿ ಒಬ್ಬ 27 ವರ್ಷದವನು ಕಲಾವಿದನಾಗುತ್ತೇನೆಂದು ಹಟತೊಟ್ಟು ಈ ಹಾಳೆಗಳನ್ನು ತರಿಸಿಕೊಂಡು ಒಂದಾದ ಮೇಲೊಂದು ನಕಲು ಮಾಡಿದ. ಮರುವರ್ಷ ಮೈಯರನ ಮಗಳನ್ನೂ ಬರೆದ. ಅವನು ವಿನ್ಸೆಂಟ್ ವ್ಯಾನ್ ಗಾಗ್. ಅವನ ಆ ನಕಲು ಇಂದಿಗೂ ಉಳಿದಿದೆ. ಸಾಯುವ ವರ್ಷ, 1890ರಲ್ಲಿ, ಅಷ್ಟೊಂದು ಮಹಾಕೃತಿಗಳನ್ನು ಬರೆದ ಮೇಲೂ, ಅವನು ಬಾರ್ಗ್‌ನ ಹಾಳೆಗಳನ್ನು ಕಳಿಸೆಂದು ತಮ್ಮನಿಗೆ ಮತ್ತೆ ಬರೆದು ಕೇಳಿದ್ದ. ಜಗತ್ತಿನಲ್ಲಿ ಯಾರ ಗೆರೆಯನ್ನು ದೂರದಿಂದಲೇ ಗುರುತಿಸಬಹುದೋ ಅವನ ಸ್ವಂತಿಕೆಯೇ ನಕಲಿನಿಂದ ಹೋಗಲಿಲ್ಲ.

ಇನ್ನು ಚಾಕ್. ಹೋಲ್ಬೈನ್‌ನಂಥ ಹಳೆಯ ಗುರುಗಳು ಬಳಸಿದ್ದು ನಾವು ಕರಿಹಲಗೆಯ ಮೇಲೆ ಬಳಸುವ ಚಾಕ್‌ಪೀಸ್ ಅಲ್ಲ. ಅದು ನೆಲದಿಂದ ಅಗೆದು ಕಡ್ಡಿಯಾಗಿ ಕತ್ತರಿಸಿಕೊಂಡ ಕಲ್ಲು. ಕಪ್ಪು ಚಾಕ್ ಇಂಗಾಲ ಬೆರೆತ ಮೆತ್ತನೆಯ ಶಿಲೆ. ಕೆಂಪು ಚಾಕ್ ಕಬ್ಬಿಣದ ಆಕ್ಸೈಡ್ ತುಂಬಿದ ಜೇಡಿ. ಅಂದರೆ ನಮ್ಮ ಹಳ್ಳಿಗಳಲ್ಲಿ ಹೊಸ್ತಿಲಿಗೆ ಗೋಡೆಗೆ ಬಳಿಯುವ ಹುರಮಂಜಿನ ಹತ್ತಿರದ ನೆಂಟ, ಸಂಡೂರಿನ ಗುಡ್ಡಗಳನ್ನು ಕೆಂಪಗೆ ಮಾಡಿರುವ ಅದೇ ಖನಿಜ. ಮನುಷ್ಯನ ಮೈಬಣ್ಣಕ್ಕೆ ಈ ಕೆಂಪಿಗಿಂತ ಹೊಂದುವ ವಸ್ತು ಮತ್ತೊಂದಿಲ್ಲವೆಂದು ಲಿಯೊನಾರ್ಡೊ ಕಾಲದಿಂದಲೂ ಕಲಾವಿದರು ಅದನ್ನು ಹಿಡಿದರು. ಇಂದು ಅಂಗಡಿಯಲ್ಲಿ ಸಿಗುವ ಗಟ್ಟಿ ಕಡ್ಡಿಗಳು ಫ್ರಾನ್ಸಿನ ಕೊಂಟೆ 1795ರಲ್ಲಿ ಹಕ್ಕುಪತ್ರ ಪಡೆದ ವಿಧಾನದ ಸಂತಾನ.

ಕಲಿಯುವವರಿಗೆ ದುಬಾರಿ ಕಾಗದವೂ ಬೇಡ. ಜೂನ್‌ನಲ್ಲಿ ಶಾಲೆಯ ಪುಸ್ತಕಗಳಿಗೆ ಹೊದಿಸುವ ಖಾಕಿ ಹಾಳೆ ಮೊದಲ ಹತ್ತಿಪ್ಪತ್ತು ನಕಲಿಗೆ ಧಾರಾಳ ಸಾಕು. ಅದು ಬೇಗ ಬಣ್ಣಗೆಟ್ಟು ಮುರಿಯುತ್ತದೆ, ನಿಜ, ಆದರೆ ಅಭ್ಯಾಸದ ಹಾಳೆಗೆ ದೀರ್ಘಾಯುಷ್ಯ ಬೇಕಿಲ್ಲ. ಅದರ ಕಂದು ಬಣ್ಣವೇ ಮುಖದ ನಡುಬಣ್ಣವಾಗುತ್ತದೆ. ಕಪ್ಪು ಕಡ್ಡಿ ನೆರಳಿಗೆ, ಬಿಳಿ ಕಡ್ಡಿ ಹಣೆ ಮತ್ತು ಮೂಗಿನ ತುದಿಯ ಹೊಳಪಿಗೆ, ಕೆಂಪು ಕಡ್ಡಿ ತುಟಿ ಕೆನ್ನೆಗೆ. ಬೆರಳಿನಿಂದ ಉಜ್ಜಿ ನುಣುಪು ಮಾಡುವ ಚಟವನ್ನು ಮೊದಲ ದಿನವೇ ಬಿಡಬೇಕು. ಉಜ್ಜಿದೊಡನೆ ಕಡ್ಡಿಯ ಒತ್ತಡದ ಏರಿಳಿತವೆಲ್ಲ ಅಳಿಸಿಹೋಗಿ, ಕಲಿಯಬೇಕಾದದ್ದೇ ಮಾಯವಾಗುತ್ತದೆ.

ಹೋಲ್ಬೈನ್‌ನ ಮುಖವನ್ನು ನಕಲು ಮಾಡಲು ಕೂತ ಹುಡುಗನಿಗೆ ಮೊದಲು ತಟ್ಟುವುದು ಅಲ್ಲಿ ನೆರಳು ಎಷ್ಟು ಕಡಿಮೆ ಎಂಬುದು. ಚೌಕಳಿಯಿಂದ ಕಲಿತವನು ಕೆನ್ನೆಯ ತುಂಬ ಕಪ್ಪು ತುಂಬಲು ಹವಣಿಸುತ್ತಾನೆ. ಇಲ್ಲಿ ಕೆನ್ನೆ ಹೆಚ್ಚುಕಡಿಮೆ ಖಾಲಿ. ಆದರೂ ಅದು ದುಂಡಗಿದೆ. ಹೇಗೆ? ಹೊರಗೆರೆಯಿಂದ. ಆ ಗೆರೆ ಒಂದೇ ದಪ್ಪದ ತಂತಿಯಲ್ಲ. ಮೂಳೆ ಚರ್ಮಕ್ಕೆ ಹತ್ತಿರವಿರುವಲ್ಲಿ ಗಟ್ಟಿಯಾಗಿ, ಮಾಂಸ ತುಂಬಿದಲ್ಲಿ ಸಡಿಲವಾಗಿ, ಕೆಲವೆಡೆ ಕಾಗದದಲ್ಲೇ ಕರಗಿಹೋಗುತ್ತದೆ. ಕಣ್ಣು, ಮೂಗಿನ ಹೊಳ್ಳೆ, ತುಟಿಗಳ ನಡುವಿನ ಸಂದು ಇವಿಷ್ಟನ್ನು ಹೋಲ್ಬೈನ್ ತೀರ ಕರಾರುವಾಕ್ಕಾಗಿ ಬರೆದು, ಉಡುಪನ್ನು ನಾಲ್ಕು ಗೆರೆಯಲ್ಲಿ ಮುಗಿಸುತ್ತಾನೆ. ಇಂಗ್ಲೆಂಡಿನಲ್ಲಿದ್ದಾಗ ಬರೆದ ಸುಮಾರು 80 ಮುಖಗಳು ಈಗ ಅಲ್ಲಿನ ರಾಜಮನೆತನದ ಸಂಗ್ರಹದಲ್ಲಿವೆ. ಅವುಗಳಲ್ಲಿ ಕೆಲವದರಲ್ಲಿ ಬಟ್ಟೆ ಯಾವುದು, ಬಣ್ಣ ಯಾವುದು ಎಂದು ಅಂಚಿನಲ್ಲಿ ಜರ್ಮನ್ ಭಾಷೆಯಲ್ಲಿ ಗುರುತು ಹಾಕಿಕೊಂಡಿದ್ದಾನೆ. ಮುಂದೆ ಕೂತವರ ಸಮಯ ಅಮೂಲ್ಯ, ಅದೆಲ್ಲವೂ ಮುಖಕ್ಕೇ ಮೀಸಲು ಎಂಬ ಲೆಕ್ಕಾಚಾರ ಅದು. ಯಾವ ಪುಸ್ತಕ ಓದಿದರೂ ಈ ಪಾಠ ಹೀಗೆ ನಾಟುವುದಿಲ್ಲ, ಆ ಗೆರೆಯನ್ನು ಸ್ವಂತ ಕೈಯಿಂದ ಎಳೆದು, ತಪ್ಪಿ, ಅಳಿಸಿ, ಮತ್ತೆ ಎಳೆದಾಗಲೇ ಕೈಗೆ ಹತ್ತುತ್ತದೆ.

ನಕಲು ಮಾಡಿಸುವ ಪದ್ಧತಿ ನಮಗೆ ಹೊಸದೂ ಅಲ್ಲ. 1857ರಲ್ಲಿ ಶುರುವಾದ ಮುಂಬೈಯ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳನ್ನು ಅಲ್ಲಿಯ ಶಿಕ್ಷಕ ಜಾನ್ ಗ್ರಿಫಿತ್ಸ್ 1872ರಿಂದ ವರ್ಷಗಟ್ಟಲೆ ಅಜಂತಾಕ್ಕೆ ಕರೆದೊಯ್ದು ಭಿತ್ತಿಚಿತ್ರಗಳ ಪ್ರತಿ ಮಾಡಿಸಿದ. ಮುಂದೆ ಇಂಗ್ಲೆಂಡಿನ ಕಲಾವಿದೆ ಲೇಡಿ ಹೆರಿಂಗ್‌ಹ್ಯಾಮ್‌ಳ ತಂಡ ಅದೇ ಕೆಲಸಕ್ಕೆ ಹೋದಾಗ ನಂದಲಾಲ್ ಬೋಸ್ ಜೊತೆ ನಮ್ಮ ಮೈಸೂರಿನ ಕೆ. ವೆಂಕಟಪ್ಪ ಕೂಡ ಇದ್ದರು. ಬಾದಾಮಿಯ ಮೂರನೆಯ ಗುಹೆ ಕ್ರಿ.ಶ. 578ರದು, ಅದರ ವರ್ಣಚಿತ್ರಗಳು ಇಂದು ಬರಿಗಣ್ಣಿಗೆ ಕಾಣುವುದೇ ಕಷ್ಟ. ಜೆ.ಜೆ. ಶಾಲೆಯ ಜೆ.ಎಂ. ಅಹಿವಾಸಿ ಮಾಡಿದ ಪ್ರತಿಗಳಿಂದಲೇ ಅವುಗಳ ಗೆರೆ-ಬಣ್ಣ ಹೇಗಿದ್ದವೆಂದು ಊಹಿಸಿಕೊಳ್ಳಬೇಕಾಗಿದೆ. ಹೀಗೆ ಮಾಡಿದ ನಕಲು ಕೊನೆಗೆ ಮೂಲವನ್ನೇ ಕಾಯ್ದುಕೊಟ್ಟಿತು.

ಧಾರವಾಡ ಜಿಲ್ಲೆ 1956ರವರೆಗೂ ಮುಂಬೈ ಆಡಳಿತದಲ್ಲಿತ್ತು. ಹೀಗಾಗಿ ಇಲ್ಲಿಯ ಡ್ರಾಯಿಂಗ್ ಮಾಸ್ತರರ ವಿದ್ಯೆಯ ಬೇರು ಜೆ.ಜೆ. ಶಾಲೆಯಲ್ಲಿದೆ. ಮುಂಬೈಯಲ್ಲಿ ಕಲಿತು ಬಂದ ಡಿ.ವಿ. ಹಾಲಭಾವಿ ಧಾರವಾಡದಲ್ಲಿ ಚಿತ್ರಕಲಾ ಶಾಲೆ ಕಟ್ಟಿದರು. ಗದಗದಲ್ಲಿ ಟಿ.ಪಿ. ಅಕ್ಕಿ ವಿಜಯ ಕಲಾ ಮಂದಿರ ಬೆಳೆಸಿದರು. ಉತ್ತರ ಕರ್ನಾಟಕದ ಎಷ್ಟೋ ಶಾಲೆಗಳಲ್ಲಿ ಆಗಸ್ಟ್ 15ರ ಹಿಂದಿನ ಸಂಜೆ ಕರಿಹಲಗೆಯ ಮೇಲೆ ಬಣ್ಣದ ಚಾಕ್‌ಪೀಸಿನಿಂದ ಗಾಂಧೀಜಿಯ ಮುಖ ಎಬ್ಬಿಸುತ್ತಿದ್ದ ಮಾಸ್ತರರು ಇಂಥ ಶಾಲೆಗಳ ಫಲ. ಕಪ್ಪು ನೆಲದ ಮೇಲೆ ಬೆಳಕನ್ನಷ್ಟೇ ಬರೆದು ಮುಖ ತೋರಿಸುವುದು ಸಾಮಾನ್ಯ ವಿದ್ಯೆಯಲ್ಲ. ಮರುವಾರ ಗಣಿತದ ಪಾಠಕ್ಕೆ ಅದನ್ನು ಒರೆಸಿಬಿಡುತ್ತಿದ್ದರು.

ಹಾಗಾದರೆ ನಕಲಿಗೆ ಕೆಟ್ಟ ಹೆಸರು ಬಂದದ್ದೇಕೆ? ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಹಳೆಯ ತರಗತಿಗಳಲ್ಲಿ ಮಕ್ಕಳ ಮುಂದೆ ಇಟ್ಟದ್ದು ಗುರುವಿನ ಗೆರೆಯನ್ನಲ್ಲ, ಮೂರನೆಯ ಕೈಯ ಮುದ್ರಣವನ್ನು. ಬಣ್ಣಗೆಟ್ಟ ಚಾರ್ಟಿನ ಮೇಲಿನ ಕಿವಿ, ಕ್ಯಾಲೆಂಡರಿನ ದೇವರು, ಗೈಡ್ ಪುಸ್ತಕದ ಹೂಜಿ. ಪರೀಕ್ಷೆಗೆ ಅದನ್ನೇ ಕಂಠಪಾಠದಂತೆ ಬರೆಸಿದರು. ಅದರಲ್ಲಿ ನೋಡುವ ಕೆಲಸವಿರಲಿಲ್ಲ, ಹೀಗಾಗಿ ಕಲಿಕೆಯೂ ಇರಲಿಲ್ಲ. ಆ ಬಾಲಿಶ ಕ್ರಮದ ವಿರುದ್ಧ ಆಧುನಿಕ ಕಲಾಶಿಕ್ಷಣ ದನಿ ಎತ್ತಿದ್ದು ಸರಿಯೇ. ತಪ್ಪಾದದ್ದು ಮುಂದೆ. ಕೆಟ್ಟ ನಕಲನ್ನು ತೆಗೆದುಹಾಕುವ ಭರದಲ್ಲಿ ಒಳ್ಳೆಯ ನಕಲನ್ನೂ ಎಸೆದರು. ಸ್ವಂತ ಅಭಿವ್ಯಕ್ತಿ ಮಾಡೆಂದು ಹದಿನೈದರ ಹುಡುಗನಿಗೆ ಹೇಳಿ, ಅಭಿವ್ಯಕ್ತಿಗೆ ಬೇಕಾದ ಕೈಯನ್ನು ಮಾತ್ರ ಕೊಡಲಿಲ್ಲ. ಆ ಖಾಲಿ ಜಾಗಕ್ಕೆ ಮೊಬೈಲ್ ಬಂದು ಕೂತಿದೆ.

ಇನ್ನೊಂದು ಪ್ರಶ್ನೆ ನ್ಯಾಯವಾದದ್ದು: ಐನೂರು ವರ್ಷದ ಹಿಂದಿನ ಯುರೋಪಿನ ಹುಡುಗಿಯ ಮುಖವನ್ನು ಧಾರವಾಡದ ಹುಡುಗ ಏಕೆ ಬರೆಯಬೇಕು? ಅದೊಂದನ್ನೇ ಬರೆಯಬೇಕಿಲ್ಲ. ಕಟ್ಟಿಂಗೇರಿಯಿಂದ ಹೊರಟು ಜೆ.ಜೆ. ಶಾಲೆ ಸೇರಿದ ಕೆ.ಕೆ. ಹೆಬ್ಬಾರರ ಗೆರೆಯ ಲಯ, ಕಲಬುರಗಿಯ ಎಸ್.ಎಂ. ಪಂಡಿತರ ಮುಖಗಳ ಮೈಕಟ್ಟು, ಹಾಲಭಾವಿಯವರ ಕೆಲಸ, ಇವೆಲ್ಲ ನಕಲಿಗೆ ಯೋಗ್ಯವಾದ ಮೂಲಗಳು. ನಮ್ಮ ಮುಖಗಳ ಎಲುಬು, ನಮ್ಮ ಬಿಸಿಲಿನ ಬೆಳಕು, ರುಮಾಲು ಸುತ್ತಿದ ತಲೆಯ ಭಾರ ಇವನ್ನು ಅವರಿಂದಲೇ ಕಲಿಯಬೇಕು. ಆದರೆ ಇಲ್ಲೊಂದು ನೋವಿನ ಸಂಗತಿಯಿದೆ. ಬಾಸೆಲ್‌ನ ಚಿತ್ರ, ಇಂಗ್ಲೆಂಡಿನ ರಾಜಮನೆತನದ ಸಂಗ್ರಹದ ಚಿತ್ರಗಳು ಚಾಕ್‌ನ ಕಣ ಕಾಣುವಷ್ಟು ಸ್ಪಷ್ಟವಾಗಿ ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತವೆ. ತನ್ನದೇ ಊರಿನ ಹಿರಿಯರ ಒಂದು ರೇಖಾಚಿತ್ರವನ್ನು ಅಷ್ಟು ಹತ್ತಿರದಿಂದ ನೋಡುವುದು ಧಾರವಾಡದ ವಿದ್ಯಾರ್ಥಿಗೆ ಸುಲಭವಿಲ್ಲ.

ಹಳೆಯ ಕೃತಿಗಳ ಮಟ್ಟಿಗೆ ಕಾನೂನಿನ ಅಂಜಿಕೆಯೂ ಬೇಡ. ಭಾರತದಲ್ಲಿ ಕಲಾಕೃತಿಯ ಹಕ್ಕುಸ್ವಾಮ್ಯ ಕಲಾವಿದ ತೀರಿಕೊಂಡ ಮರುವರ್ಷದಿಂದ 60 ವರ್ಷ. 1906ರಲ್ಲಿ ತೀರಿಕೊಂಡ ರವಿವರ್ಮನ ಕೃತಿಗಳು ಎಂದೋ ಎಲ್ಲರ ಸೊತ್ತಾಗಿವೆ, 1965ರಲ್ಲಿ ತೀರಿಕೊಂಡ ವೆಂಕಟಪ್ಪನವರ ಹಕ್ಕುಸ್ವಾಮ್ಯದ ಅವಧಿ 2025ರ ಕೊನೆಯವರೆಗೆ. ಪ್ರಾಮಾಣಿಕತೆಯ ನಿಯಮಗಳೂ ಕಷ್ಟದವಲ್ಲ. 1793ರಿಂದ ನಕಲುಗಾರರಿಗೆ ಬಾಗಿಲು ತೆರೆದಿಟ್ಟಿರುವ ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿ ಪ್ರತಿ ಮೂಲದ ಅಳತೆಯಲ್ಲಿರಕೂಡದು, ಮೂಲ ಕಲಾವಿದನ ಸಹಿ ಹಾಕಕೂಡದು. ನಮ್ಮಲ್ಲೂ ಹಾಳೆಯ ಕೆಳಗೆ ‘ಹಾಲಭಾವಿಯವರನ್ನು ನೋಡಿ’ ಎಂದು ಬರೆದು ತನ್ನ ಹೆಸರು, ತಾರೀಖು ಹಾಕಿದರೆ ಅದು ಕಳ್ಳತನವಾಗುವುದಿಲ್ಲ, ಗುರುವಿನ ಹೆಸರು ಹೇಳಿದಂತಾಗುತ್ತದೆ.

ನಕಲಿಗೂ ಮಿತಿಯುಂಟು. ಒಂದೇ ಗುರುವಿನಲ್ಲಿ ವರ್ಷಗಟ್ಟಲೆ ಉಳಿದವನಿಗೆ ಆ ಗುರುವಿನ ಚಾಳಿಗಳಷ್ಟೇ ಅಂಟುತ್ತವೆ. ಬೆಳಿಗ್ಗೆ ಹಳೆಯ ಮುಖವೊಂದರ ನಕಲು, ಸಂಜೆ ಮನೆಯಲ್ಲಿ ಕೂತಿರುವ ಅಜ್ಜಿಯ ಜೀವಂತ ಮುಖ, ಎರಡೂ ಜೊತೆಜೊತೆಗೆ ನಡೆಯಬೇಕು. ಬೆಳಿಗ್ಗೆ ಕಂಡ ಗೆರೆ ಸಂಜೆ ಅಜ್ಜಿಯ ದವಡೆಯ ಹತ್ತಿರ ಉಪಯೋಗಕ್ಕೆ ಬಂದರೆ ಪಾಠ ಹತ್ತಿತೆಂದು ಲೆಕ್ಕ.

ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಧಾರವಾಡದಲ್ಲಿ ಹಾಲಭಾವಿಯವರ ಹೆಸರಿನ ಟ್ರಸ್ಟ್ ಇದೆ, ಅವರು ಕಟ್ಟಿದ ಕಲಾಶಾಲೆ ಇದೆ. ಶಿಕ್ಷಣ ಇಲಾಖೆ ಡ್ರಾಯಿಂಗ್ ಲೋವರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳನ್ನು ನಡೆಸುತ್ತದೆ. ಹಿರಿಯ ಕಲಾವಿದನ ಭಾವಚಿತ್ರವೊಂದರ ಅಭ್ಯಾಸ ಪ್ರತಿಯನ್ನು ಇಲಾಖೆ ಹೈಯರ್ ಗ್ರೇಡ್‌ನ ಒಂದು ವಿಷಯವಾಗಿ ಸೇರಿಸಲಿ. ಟ್ರಸ್ಟ್‌ನವರು ಹಾಲಭಾವಿಯವರ ಕೃತಿಗಳನ್ನು ಸ್ಕ್ಯಾನ್ ಮಾಡಿಸಿ, ಮೂಲದ ಅಳತೆಯಲ್ಲೇ ಮುದ್ರಿಸಿ, ಅವಳಿ ನಗರದ ಪ್ರೌಢಶಾಲೆಗಳ ಡ್ರಾಯಿಂಗ್ ಕೋಣೆಗೆ ತಲುಪಿಸಲಿ. ಆ ಕಲಾಶಾಲೆಯವರು ಶನಿವಾರ ಮಧ್ಯಾಹ್ನ ಒಂದು ಕೋಣೆ ತೆರೆದಿಟ್ಟು, ಗೋಡೆಯ ಮೇಲೆ ಮೂಲಚಿತ್ರ, ಎದುರಿಗೆ ಡ್ರಾಯಿಂಗ್ ಬೋರ್ಡ್ ಇಡಲಿ. ಹೊರಗಿನ ಮಕ್ಕಳಿಗೂ ಬರಲು ಬಿಡಲಿ. ಮುಂದಿನ ಶೈಕ್ಷಣಿಕ ವರ್ಷದ ಜೂನ್‌ನೊಳಗೆ ಇಷ್ಟು ಮಾಡಲು ಸಾಧ್ಯವಿದೆ.